ಕಲ್ಲು ಕೊರೆಯುವ ಯಂತ್ರವನ್ನು ಎಷ್ಟು ನಂಬಬಹುದು?

ಚಾಮರಾಜನಗರದ ಕರಿಕಲ್ಲಿಗೆ ವಿದೇಶಗಳಲ್ಲೂ ಹೆಸರಿದೆ. ವ್ಯಾಪಾರದಲ್ಲಿ ‘ಕಪ್ಪು ಗ್ರಾನೈಟ್’ ಎಂದರೂ ಇದು ಡಾಲರೈಟ್ ಎಂಬ ಅಗ್ನಿಶಿಲೆ. ಇದನ್ನು ದಿಮ್ಮಿಯಾಗಿ ತೆಗೆಯಲು ಸಾಲಾಗಿ, ಹತ್ತಿರ ಹತ್ತಿರ ರಂಧ್ರ ಕೊರೆಯುತ್ತಾರೆ. ಯಂತ್ರ ಕೆಟ್ಟರೆ ಕೆಲಸ ನಿಲ್ಲುವುದಷ್ಟೇ ಅಲ್ಲ, ರಿಪೇರಿ ಮಾಡುವವನು ಕಡಿದಾದ ಬಂಡೆಗೋಡೆಯ ಬುಡದಲ್ಲಿ ನಿಲ್ಲಬೇಕಾದೀತು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕ್ವಾರಿಯಲ್ಲಿ ಬಂಡೆ ಕುಸಿದು ಕಾರ್ಮಿಕರು ಸತ್ತರು. ಅಂಥ ಜಾಗದಲ್ಲಿ ಕಳೆಯುವ ಪ್ರತಿ ನಿಮಿಷವೂ ಅಪಾಯದ್ದೇ.

ನಿರ್ದಿಷ್ಟ ಪರಿಸ್ಥಿತಿಯಲ್ಲಿ, ನಿರ್ದಿಷ್ಟ ಅವಧಿಯವರೆಗೆ ಯಂತ್ರ ಕೆಡದೆ ದುಡಿಯುವ ಸಂಭಾವ್ಯತೆಯೇ ಅದರ ‘ವಿಶ್ವಾಸಾರ್ಹತೆ’. ಇದನ್ನು ಅಳೆಯಲು ಒಂದು ದಿನಚರಿ ಪುಸ್ತಕ ಸಾಕು. ಒಂದು ಯಂತ್ರ 200 ಗಂಟೆ ದುಡಿದು, 8 ಬಾರಿ ಕೆಟ್ಟು, ರಿಪೇರಿಗೆ ಒಟ್ಟು 40 ಗಂಟೆ ಹಿಡಿಯಿತೆನ್ನೋಣ. ಕೆಡುವಿಕೆಗಳ ನಡುವಿನ ಸರಾಸರಿ ಕಾಲ 200/8 = 25 ಗಂಟೆ. ಯಂತ್ರದ ‘ಲಭ್ಯತೆ’ 200/240, ಅಂದರೆ ಶೇಕಡಾ 83.

ಇನ್ನೊಂದು ಯಂತ್ರ ಅಷ್ಟೇ ಗಂಟೆ ದುಡಿದು 40 ಬಾರಿ ಕೆಟ್ಟಿತು. ಪ್ರತಿಸಲ ರಿಪೇರಿಗೆ ಒಂದೇ ಗಂಟೆ. ಇದರ ಲಭ್ಯತೆಯೂ ಶೇಕಡಾ 83! ಆದರೆ ಸರಾಸರಿ ಕಾಲ 5 ಗಂಟೆ ಮಾತ್ರ. ಕೆಡುವಿಕೆ ಆಕಸ್ಮಿಕವೆಂದು ಭಾವಿಸಿದರೆ, 8 ಗಂಟೆಯ ಪಾಳಿಯನ್ನು ಕೆಡದೆ ಮುಗಿಸುವ ಸಂಭಾವ್ಯತೆ ತಿಳಿಯಲು 2.718ನ್ನು −(8/25)ರ ಘಾತಕ್ಕೆ ಏರಿಸಬೇಕು. ಮೊದಲ ಯಂತ್ರಕ್ಕೆ 0.73 ಬರುತ್ತದೆ. 25ರ ಬದಲು 5 ಇಟ್ಟರೆ ಎರಡನೆಯದಕ್ಕೆ 0.20 ಮಾತ್ರ. ಲಭ್ಯತೆಯೊಂದನ್ನೇ ನೋಡಿದರೆ ಈ ವ್ಯತ್ಯಾಸ ಮರೆಯಾಗುತ್ತದೆ.

ಕಂಪ್ರೆಸರ್, ಗಾಳಿಯ ಪೈಪು, ಸುತ್ತಿಗೆ, ರಾಡು, ಬಿಟ್ಟು — ಇವು ಸರಪಳಿಯ ಕೊಂಡಿಗಳಂತೆ. ಒಂದು ಕೆಟ್ಟರೂ ಕೊರೆತ ನಿಲ್ಲುತ್ತದೆ. ಆದ್ದರಿಂದ ಸಂಭಾವ್ಯತೆಗಳನ್ನು ಗುಣಿಸಬೇಕು. ಪ್ರತಿ ಭಾಗದ್ದೂ 0.95 ಇದ್ದರೆ ಐದರ ಗುಣಲಬ್ಧ ಸುಮಾರು 0.77.

ಒಂದು ಎಚ್ಚರಿಕೆ. ಎಲ್ಲ ಕೆಡುವಿಕೆಯೂ ಆಕಸ್ಮಿಕವಲ್ಲ. ಬಿಟ್ಟು ಬಳಸಿದಂತೆಲ್ಲ ಸವೆಯುತ್ತದೆ. ಇಂಥ ಸವೆತವನ್ನೂ ಲೆಕ್ಕಕ್ಕೆ ತರಬಲ್ಲ ವಿತರಣೆಯನ್ನು ಸ್ವೀಡನ್ನಿನ ವಾಲೊಡ್ಡಿ ವೈಬುಲ್ 1951ರ ಲೇಖನದಲ್ಲಿ ವಿವರಿಸಿದರು. ಸವೆಯುವ ಭಾಗವನ್ನು ಕೆಡುವ ಮೊದಲೇ, ಸುರಕ್ಷಿತ ಜಾಗದಲ್ಲಿ ಬದಲಿಸುವುದು ಜಾಣತನ. ಬೆಣಚು ಹೆಚ್ಚಿರುವ ಕಲ್ಲು ಬಿಟ್ಟನ್ನು ಬೇಗ ಸವೆಸುವುದರಿಂದ, ಗ್ರಾನೈಟಿನ ಲೆಕ್ಕವನ್ನು ಕರಿಕಲ್ಲಿಗೆ ಹಚ್ಚುವಂತಿಲ್ಲ.

ಶಿಕ್ಷಕರು ಇದನ್ನು ತರಗತಿಯಲ್ಲೇ ಮಾಡಿಸಬಹುದು. ಊರಿನ ಕೊಳವೆಬಾವಿಯ ಪಂಪು ಎಷ್ಟು ಗಂಟೆ ಓಡಿತು, ಎಷ್ಟು ಸಲ ಕೆಟ್ಟಿತು, ರಿಪೇರಿಗೆ ಎಷ್ಟು ಹೊತ್ತಾಯಿತು — ಈ ಮೂರನ್ನು ಬರೆದಿಡಲಿ. ಉಳಿದದ್ದು ಭಾಗಾಕಾರ.