ಬೆಂಕಿಯ ದಫ್ತರ ಗಣಕವನ್ನು ಬದಲಿಸುವಾಗ

ಅಗ್ನಿಶಾಮಕ ಠಾಣೆ ಎಂದೊಡನೆ ನಮ್ಮ ಕಣ್ಣೆದುರು ಕಟ್ಟುವುದು ಕೆಂಪು ವಾಹನ, ಉದ್ದನೆಯ ಏಣಿ, ನೀರಿನ ಕೊಳವೆ ಮತ್ತು ಗಂಟೆಯ ನಾದ. ಅದೇ ಠಾಣೆಯ ಮೇಜಿನ ಮೇಲಿರುವ ದಫ್ತರ ಯಾರ ನೆನಪಿಗೂ ಬರುವುದಿಲ್ಲ. ಕರೆ ಬಂದ ಹೊತ್ತು, ಬೆಂಕಿ ಬಿದ್ದ ಸ್ಥಳ, ವಾಹನ ಹೊರಟ ಹೊತ್ತು, ತಲುಪಿದ ಹೊತ್ತು, ಬೆಂಕಿಗೆ ಕಾರಣ, ಆದ ಹಾನಿ ಇವೆಲ್ಲ ಅದರಲ್ಲಿ ದಾಖಲಾಗುತ್ತವೆ. ಬೆಂಕಿ ಆರಿದ ಮೇಲೆ ಬರೆದಿಡುವ ಈ ಒಣ ಲೆಕ್ಕದಿಂದ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ಇಪ್ಪತ್ತು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದರ ಬೆಲೆ ತಿಳಿಯುವುದು. ಯಾವ ಓಣಿಯಲ್ಲಿ ವಿದ್ಯುತ್ ತಂತಿಯಿಂದ ಮತ್ತೆ ಮತ್ತೆ ಬೆಂಕಿ ಏಳುತ್ತಿದೆ, ಯಾವ ತಿಂಗಳಲ್ಲಿ ಮೇವಿನ ಬಣವೆಗಳು ಹೆಚ್ಚಾಗಿ ಉರಿಯುತ್ತವೆ, ಯಾವ ಬಡಾವಣೆಗೆ ವಾಹನ ತಡವಾಗಿ ಮುಟ್ಟುತ್ತದೆ, ಹೊಸ ಠಾಣೆ ಎಲ್ಲಿ ಬೇಕು ಎಂಬ ಪ್ರಶ್ನೆಗಳಿಗೆಲ್ಲ ಅಲ್ಲಿಯೇ ಉತ್ತರವುಂಟು.

ಈ ಉತ್ತರಗಳ ಬೆಲೆ ನಿಮಿಷಗಳಲ್ಲಿದೆ. ಸಾಕಷ್ಟು ಉರುವಲೂ ಗಾಳಿಯೂ ದೊರೆಯುವವರೆಗೆ, ಬೆಂಕಿಯಿಂದ ಶಾಖ ಹೊರಬೀಳುವ ದರವು ಕಾಲದ ವರ್ಗಕ್ಕೆ ಅನುಗುಣವಾಗಿ ಏರುವುದೆಂದು ಎಂಜಿನಿಯರರು ಲೆಕ್ಕ ಹಾಕುತ್ತಾರೆ. ಮಧ್ಯಮ ವೇಗದಲ್ಲಿ ಬೆಳೆಯುವ ಬೆಂಕಿ 5 ನಿಮಿಷಕ್ಕೆ ಸುಮಾರು 1,000 ಕಿಲೋವ್ಯಾಟ್ ಮುಟ್ಟಿದರೆ, 10 ನಿಮಿಷಕ್ಕೆ 2,000 ಅಲ್ಲ, 4,000 ಕಿಲೋವ್ಯಾಟ್ ಆಗಿರುತ್ತದೆ. ಕಾಲ ಇಮ್ಮಡಿಯಾದರೆ ಬೆಂಕಿ ನಾಲ್ಮಡಿ. ವಿಳಾಸ ಹುಡುಕುವುದರಲ್ಲಿ ಕಳೆದ ಎರಡು ನಿಮಿಷ ಬರಿಯ ಎರಡು ನಿಮಿಷವಲ್ಲ.

ಹುಬ್ಬಳ್ಳಿ-ಧಾರವಾಡವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸುಮಾರು 20 ಕಿಲೋಮೀಟರು ಅಂತರದ ಈ ಎರಡು ಊರುಗಳು 1962ರಲ್ಲಿ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದವು. ಆದರೆ ಬೆಂಕಿ ಆರಿಸುವ ಹೊಣೆ ಸ್ಥಳೀಯ ಸಂಸ್ಥೆಯದಲ್ಲ. 1964ರ ಕಾಯಿದೆಯ ಮೇರೆಗೆ ಅದು ರಾಜ್ಯ ಸರಕಾರದ ಇಲಾಖೆಯದು. ಕಟ್ಟಡದ ನಕ್ಷೆಗೆ ಅನುಮತಿ ಕೊಡುವ ಕಚೇರಿ ಒಂದಾದರೆ, ಅಪಾಯದ ಕರೆಗೆ ಓಡುವ ಠಾಣೆ ಇನ್ನೊಂದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಜನರು ಮಡಿದರು. ಅಂಥ ಅವಶೇಷದ ಮುಂದೆ ನಿಂತ ರಕ್ಷಕನಿಗೆ ಮಹಡಿಗಳೆಷ್ಟು, ಮೆಟ್ಟಿಲು ಯಾವ ಮಗ್ಗುಲಲ್ಲಿ, ನೆಲಮಾಳಿಗೆ ಇದೆಯೇ ಎಂಬುದು ಆ ಕ್ಷಣವೇ ತಿಳಿಯಬೇಕು. ಒಂದು ಕಚೇರಿಯ ದಫ್ತರ ಇನ್ನೊಂದರ ದಫ್ತರದೊಡನೆ ಹೊಂದಿಕೊಂಡಿದ್ದರೆ ಮಾತ್ರ ಇದು ಸಾಧ್ಯ.

ಹೊಂದಿಕೆ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕದ ಬಾಲ್ಟಿಮೋರ್ ನಗರ ಸಾಕ್ಷಿ. 1904ರ ಫೆಬ್ರವರಿ 7ರಂದು ಅಲ್ಲಿ ಹೊತ್ತಿದ ಬೆಂಕಿಯನ್ನು ಆರಿಸಲು ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದಲೂ ದಳಗಳು ಧಾವಿಸಿದವು. ಆದರೆ ಹೊರಗಿನಿಂದ ಬಂದ ಅನೇಕ ಕೊಳವೆಗಳ ತುದಿಯ ತಿರುಪು ಬಾಲ್ಟಿಮೋರಿನ ನೀರಿನ ಬಾಯಿಗೆ ಕೂಡಲಿಲ್ಲ. ನೀರೂ ಇತ್ತು, ಕೊಳವೆಯೂ ಇತ್ತು, ಜನರೂ ಇದ್ದರು; ಇವನ್ನು ಕೂಡಿಸುವ ಕೀಲು ಇರಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಕೊಳವೆಯ ಕೀಲುಗಳಿಗೆ ಒಂದೇ ಅಳತೆ ಬೇಕೆಂಬ ಕೂಗು ಬಲವಾದುದು ಆ ಬಳಿಕವೇ.

ಗಣಕಯಂತ್ರದ ದಫ್ತರಕ್ಕೂ ಇಂಥದೇ ಕೀಲು ಬೇಕು. ತಂತ್ರಾಂಶವೆಂದರೆ ಗಣಕಕ್ಕೆ ಕೊಟ್ಟ ಆಜ್ಞೆಗಳ ಸರಣಿ. ಅದಕ್ಕೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಆದರೂ ಅದು ಮುದಿಯಾಗುತ್ತದೆ. ಅದರ ಸುತ್ತಣ ಲೋಕ ಬದಲಾಗುವುದೇ ಇದಕ್ಕೆ ಕಾರಣ. ನಮ್ಮ ಅನೇಕ ಕಚೇರಿಗಳಲ್ಲಿ ಮನೆಮಾತಾಗಿದ್ದ ವಿಂಡೋಸ್ ಎಕ್ಸ್‌ಪಿಗೆ ಅದರ ತಯಾರಕರು 2014ರ ಏಪ್ರಿಲ್ 8ರಂದು ಬೆಂಬಲವನ್ನು ನಿಲ್ಲಿಸಿದರು. ಅಂಥ ಅಡಿಪಾಯದ ಮೇಲೆ ನಿಂತ ತಂತ್ರಾಂಶವನ್ನು ಇಂದಲ್ಲ ನಾಳೆ ಬದಲಿಸಲೇಬೇಕು. ಹೊಸ ಯಂತ್ರವನ್ನು ಕೊಂಡು ತರುವುದು ಸುಲಭ. ಹಳೆಯ ದಫ್ತರದ ಅರ್ಥ ಕೆಡದಂತೆ ಅದನ್ನು ಹೊಸದಕ್ಕೆ ಸಾಗಿಸುವುದೇ ಕಷ್ಟ.

ಕನ್ನಡದ ದಾಖಲೆಗಳಲ್ಲಿ ಮೊದಲ ತೊಡಕು ಅಕ್ಷರದ್ದೇ. ನುಡಿ, ಶ್ರೀಲಿಪಿ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದಾಗ ಗಣಕವು ನೆನಪಿಡುತ್ತಿದ್ದುದು ಅಕ್ಷರವನ್ನಲ್ಲ, ಅಕ್ಷರದ ಚಿತ್ರದ ತುಣುಕುಗಳನ್ನು. ಅದೂ ಲ್ಯಾಟಿನ್ ಲಿಪಿಯ ಚಿಹ್ನೆಗಳಿಗೆ ಮೀಸಲಾದ ಸಂಖ್ಯೆಗಳಲ್ಲಿ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಊರಿನ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುವುದು. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯುಂಟು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರಲ್ಲಿ ಎಡೆ ದೊರೆಯಿತು. 3200ರಿಂದ 3327ರವರೆಗಿನ 128 ಸ್ಥಾನಗಳು ನಮ್ಮವು. ‘ಹುಬ್ಬಳ್ಳಿ’ ಎಂಬುದು ಅಲ್ಲಿ ಒಂಬತ್ತು ಸಂಖ್ಯೆಗಳಾಗುತ್ತದೆ: 3257, 3265, 3244, 3277, 3244, 3251, 3277, 3251, 3263. ಇವುಗಳಲ್ಲಿ 3277 ಎಂಬುದು ಒತ್ತಕ್ಷರವನ್ನು ಕೂಡಿಸುವ ಹಲಂತ; ಎರಡು ಒತ್ತುಗಳಿರುವುದರಿಂದ ಅದು ಎರಡು ಸಲ ಬಂದಿದೆ. ಕೊನೆಯ 3263 ಇಕಾರದ ಗುಡಿಸು. ಹಳೆಯ ಪದ್ಧತಿಯಲ್ಲಾದರೋ ‘ಳಿ’ ಎಂಬ ಆಕಾರ ಮೊದಲು, ಒತ್ತು ಅನಂತರ. ಆದುದರಿಂದ ಪರಿವರ್ತನೆಯೆಂದರೆ ಒಂದು ಚಿಹ್ನೆಗೆ ಬದಲಾಗಿ ಇನ್ನೊಂದನ್ನು ಇಡುವುದಷ್ಟೇ ಅಲ್ಲ, ಕ್ರಮವನ್ನೂ ತಿದ್ದುವುದು. ಇದರ ಮೇಲೆ, ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ 9ರ ಅಂಕಿಯನ್ನೇ ಒತ್ತುವ ರೂಢಿಯೊಂದಿತ್ತು. ಮನುಷ್ಯನ ಕಣ್ಣು ಅದನ್ನು ‘ಮಾರ್ಗ’ ಎಂದೇ ಓದುವುದು. ಗಣಕಕ್ಕೆ ಮಾತ್ರ ಅದು ‘ಮಾಗ’ದ ಮುಂದಿನ ಒಂಬತ್ತು! ಆ ಮಾರ್ಗವನ್ನು ಹುಡುಕಿದರೆ ಅದು ಸಿಗುವುದೇ ಇಲ್ಲ.

ಎರಡನೆಯ ತೊಡಕು ಹೆಸರಿನದು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಕನ್ನಡಿಗರಿಗೆ ಹುಬ್ಬಳ್ಳಿ ಎಂದೂ ಹುಬ್ಬಳ್ಳಿಯೇ. ಇಂಗ್ಲಿಷ್ ಕಾಗದಪತ್ರಗಳಲ್ಲಿ ಮಾತ್ರ ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಬಂದಿತು. ತಿಳಿಸಿ ಹೇಳದಿದ್ದರೆ ಗಣಕವು ಇವನ್ನು ಎರಡು ಬೇರೆ ಊರುಗಳೆಂದೇ ಎಣಿಸುವುದು. 2014ಕ್ಕೆ ಮುಂಚೆ ಹುಬ್ಬಳ್ಳಿಯಲ್ಲಿ ಬೆಂಕಿಯೇ ಬಿದ್ದಿರಲಿಲ್ಲವೆಂದು ವರದಿಯನ್ನೂ ಒಪ್ಪಿಸೀತು! ಹಳೆಯ ಹೆಸರನ್ನು ಅಳಿಸಿಹಾಕುವುದು ಇದಕ್ಕೆ ಪರಿಹಾರವಲ್ಲ. ಪ್ರತಿ ಸ್ಥಳಕ್ಕೂ ಬದಲಾಗದ ಒಂದು ಸಂಖ್ಯೆಯನ್ನು ಕೊಟ್ಟು, ಹಳೆಯ ಹೆಸರು, ಹೊಸ ಹೆಸರು, ಜನರ ಬಾಯಲ್ಲಿರುವ ಹೆಸರು ಎಲ್ಲವನ್ನೂ ಆ ಸಂಖ್ಯೆಗೇ ಕಟ್ಟಬೇಕು.

ಮೂರನೆಯದು ಕಾಲ. ರಾತ್ರಿ 11 ಗಂಟೆ 55 ನಿಮಿಷಕ್ಕೆ ಕರೆ ಬಂದು, 12 ಗಂಟೆ 3 ನಿಮಿಷಕ್ಕೆ ವಾಹನ ಮುಟ್ಟಿತೆನ್ನೋಣ. ಹಿಡಿದದ್ದು 8 ನಿಮಿಷ. ತಾರೀಖು ಬದಲಾದುದನ್ನು ದಾಖಲೆ ಹೇಳದಿದ್ದರೆ, ಕರೆ ಬರುವುದಕ್ಕೆ 1,432 ನಿಮಿಷ ಮುಂಚೆಯೇ ವಾಹನ ತಲುಪಿತ್ತೆಂದು ಗಣಕ ಲೆಕ್ಕ ಕೊಡುವುದು. ಇಂಥ ಕೆಲವೇ ದಾಖಲೆಗಳು ಸೇರಿದರೂ ಇಡೀ ಠಾಣೆಯ ಸರಾಸರಿ ಕೆಟ್ಟುಹೋಗುತ್ತದೆ.

ಹಾಗಾದರೆ ಬದಲಾವಣೆ ಹೇಗಾಗಬೇಕು? ಹೇಗಾಗಬಾರದೆಂಬುದನ್ನು ಲಂಡನ್ನಿನ ಅಂಬ್ಯುಲನ್ಸ್ ಸೇವೆ ತೋರಿಸಿಕೊಟ್ಟಿದೆ. 1992ರ ಅಕ್ಟೋಬರ್ 26ರಂದು ಇಡೀ ನಗರದ ಕರೆಗಳನ್ನು ಒಮ್ಮೆಲೇ ಹೊಸ ಗಣಕಪದ್ಧತಿಗೆ ಒಪ್ಪಿಸಲಾಯಿತು. ಯಾವ ವಾಹನ ಎಲ್ಲಿದೆ ಎಂಬ ಅರಿವೇ ಯಂತ್ರಕ್ಕೆ ತಪ್ಪತೊಡಗಿತು. ಸಂದೇಶಗಳು ರಾಶಿ ಬಿದ್ದವು. ಮರುದಿನವೇ ಕೈಕೆಲಸದ ನೆರವಿಗೆ ಮರಳಬೇಕಾಯಿತು. ನವೆಂಬರ್ 4ರಂದು ಪದ್ಧತಿ ಪೂರ್ಣವಾಗಿ ನಿಂತಿತು. ಬಳಸಿದ ಸ್ಮೃತಿಸ್ಥಳವನ್ನು ಬಿಟ್ಟುಕೊಡದ ಚಿಕ್ಕದೊಂದು ಲೋಪ ಅದಕ್ಕೆ ಕಾರಣವಾಗಿತ್ತು.

ಆದುದರಿಂದ ಬಲ್ಲವರು ಹಳೆಯದನ್ನೂ ಹೊಸದನ್ನೂ ಕೆಲವು ಕಾಲ ಜೊತೆಜೊತೆಯಾಗಿ ನಡೆಸುತ್ತಾರೆ. ಹಳೆಯದರಲ್ಲಿ ಎಷ್ಟು ದಾಖಲೆಗಳಿದ್ದವೋ ಹೊಸದರಲ್ಲಿ ಅಷ್ಟೇ ಇವೆಯೇ ಎಂದು ವರುಷವರುಷಕ್ಕೂ ಎಣಿಸಿ ತಾಳೆ ನೋಡುತ್ತಾರೆ. ಎಣಿಕೆ ಸರಿಯಾದರೆ ಸಾಲದು. ಅಲ್ಲಲ್ಲಿ ಕೆಲವನ್ನು ಆರಿಸಿ ಅಕ್ಷರಕ್ಕಕ್ಷರ ಹೋಲಿಸುತ್ತಾರೆ. ಆ ಹೋಲಿಕೆಗೆ ಗಣಕ ಬಲ್ಲವನೊಬ್ಬನೇ ಸಾಲನು, ಓಣಿ ಬಲ್ಲ ಹಳೆಯ ಸಿಬ್ಬಂದಿಯೂ ಬೇಕು. ಬೇಸಗೆಯಲ್ಲಾಗಲಿ ದೀಪಾವಳಿಯ ವಾರದಲ್ಲಾಗಲಿ ಬದಲಾವಣೆಗೆ ಕೈ ಹಾಕುವುದಿಲ್ಲ. ಮೂಲ ದಾಖಲೆಯ ಪ್ರತಿಯನ್ನು ತಿದ್ದದೆ ಹಾಗೆಯೇ ಕಾದಿರಿಸುತ್ತಾರೆ.

ನೀರಿನ ಕೊಳವೆ ಸೋರಿದರೆ ನೆಲ ಒದ್ದೆಯಾಗಿ ಎಲ್ಲರಿಗೂ ತಿಳಿಯುತ್ತದೆ. ದಫ್ತರ ಸೋರಿದರೆ ಯಾವ ಗುರುತೂ ಉಳಿಯದು. ಹುಡುಕಿದ ಹೆಸರು ಸಿಗದ ರಾತ್ರಿಯೇ ಅದು ಗೊತ್ತಾಗುವುದು. ಆ ಪರೀಕ್ಷೆಯನ್ನು ಠಾಣೆಯ ಮೇಜಿನ ಮೇಲೆ, ಹಗಲಿನಲ್ಲಿ, ಬೆಂಕಿ ಇಲ್ಲದಾಗಲೇ ಮಾಡಿ ಮುಗಿಸುವುದು ಮೇಲು.