ಹಳೆಯ ಜೀಪಿಗೆ ಸರಿಯಾದ ಬೋಲ್ಟ್ ಯಾವುದು?

ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟಿಯ ಮೂಲಕ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿಯಲ್ಲಿ ನೀವು ಹೋಗಿದ್ದರೆ, ಆಳುಗಳನ್ನೂ ಗೊಬ್ಬರದ ಮೂಟೆಗಳನ್ನೂ ಹೊತ್ತು ತೋಟದ ಏರು ಹತ್ತುವ ಹಳೆಯ ಜೀಪುಗಳನ್ನು ನೋಡಿರುತ್ತೀರಿ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಅನೇಕ ಜೀಪುಗಳು ಖಾಸಗಿಯವರ ಕೈ ಸೇರಿದವು. ಮುಂದೆ ಅದೇ ವಂಶದ ಜೀಪುಗಳನ್ನು ಮಹೀಂದ್ರ ಕಂಪನಿ ನಮ್ಮಲ್ಲೇ ತಯಾರಿಸಿತು. ಸೈನ್ಯಕ್ಕೆಂದು ಜಬಲ್‌ಪುರದಲ್ಲಿ 1999ರವರೆಗೆ ತಯಾರಾದ ‘ಜೊಂಗಾ’ ಕೂಡ ಹರಾಜಿನ ಮೂಲಕ ಜನರ ಕೈಗೆ ಬಂದಿದೆ.

ಇಂಥ ವಾಹನವೊಂದನ್ನು ಬಿಚ್ಚಿ ಮೊದಲಿನ ರೂಪಕ್ಕೆ ತರಲು ಹೊರಟವರಿಗೆ ಎದುರಾಗುವ ದೊಡ್ಡ ತೊಡಕು ಎಂಜಿನ್ ಅಲ್ಲ, ಬೋಲ್ಟು ಮತ್ತು ನಟ್ಟು. ಮಲೆನಾಡಿನ ಮಳೆಯಲ್ಲಿ ದಶಕಗಟ್ಟಲೆ ನೆನೆದ ಬೋಲ್ಟು ಬಿಚ್ಚುವಾಗಲೇ ಮುರಿಯುತ್ತದೆ. ಹೊಸದನ್ನು ತರಲು ಪೇಟೆಗೆ ಹೋದರೆ ‘ಎಷ್ಟು ಎಂ.ಎಂ.?’ ಎಂಬ ಪ್ರಶ್ನೆ. ಆ ಪ್ರಶ್ನೆಯೇ ತಪ್ಪಾಗಿರಬಹುದು! ಏಕೆಂದು ನೋಡೋಣ.

ನಾಲ್ಕು ಮನೆತನಗಳು

ಬೋಲ್ಟಿನ ಮೈಮೇಲೆ ಸುತ್ತಿರುವ ಏಣನ್ನು ಎಳೆ ಅಥವಾ ಥ್ರೆಡ್ ಎನ್ನುತ್ತೇವೆ. ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ದೂರವೇ ಪಿಚ್. ಎಳೆಗಳಿಗೆ ಮೊದಲು ಒಂದು ಕ್ರಮ ತಂದವರು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್. 1841ರಲ್ಲಿ ಅವರು ಸೂಚಿಸಿದ ಎಳೆಯ ಕೋನ 55 ಡಿಗ್ರಿ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಕೋನದ ಎಳೆಯನ್ನು ಸೂಚಿಸಿದರು. ಹೀಗೆ ಎರಡು ದೇಶಗಳ ಬೋಲ್ಟುಗಳು ಬೇರೆ ಬೇರೆಯಾದವು. ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಹೋರಾಡುತ್ತಿದ್ದರೂ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಹೊಂದದೆ ಬಹಳ ತೊಂದರೆಯಾಯಿತು. ಈ ಅನುಭವದಿಂದಲೇ ಅಮೆರಿಕ, ಬ್ರಿಟನ್ ಮತ್ತು ಕೆನಡಾ 1948ರ ನವೆಂಬರಿನಲ್ಲಿ 60 ಡಿಗ್ರಿಯ ‘ಏಕೀಕೃತ’ ಎಳೆಯನ್ನು ಒಪ್ಪಿಕೊಂಡವು.

ಹೀಗಾಗಿ ಇಂದು ನಮ್ಮ ಗ್ಯಾರೇಜುಗಳಲ್ಲಿ ನಾಲ್ಕು ಬಗೆಯ ಎಳೆಗಳು ಸಿಗುತ್ತವೆ: ಬ್ರಿಟಿಷ್ ವಿಟ್‌ವರ್ತ್, ಅಮೆರಿಕದ ದಪ್ಪ ಎಳೆ (ಯು.ಎನ್.ಸಿ.), ಅಮೆರಿಕದ ಸಣ್ಣ ಎಳೆ (ಯು.ಎನ್.ಎಫ್.) ಮತ್ತು ಮೆಟ್ರಿಕ್. ವಿಲ್ಲೀಸ್ ಜೀಪಿನದು ಅಮೆರಿಕದ ಎಳೆ. ಜಪಾನಿನ ನಿಸ್ಸಾನ್ ಮೂಲದ ಜೊಂಗಾದ್ದು ಮೆಟ್ರಿಕ್. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ತೋಟದ ಜೀಪಿನಲ್ಲಿ ಚಾಸಿಗೆ ಇಂಚಿನ ಬೋಲ್ಟು, ಎಂಜಿನ್ನಿಗೆ ಮೆಟ್ರಿಕ್ ಬೋಲ್ಟು ಇರುವುದುಂಟು.

0.06 ಮಿಲಿಮೀಟರಿನ ಮೋಸ

5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿ.ಮೀ. ಮೆಟ್ರಿಕ್ ಎಂ-8 ಬೋಲ್ಟಿನದು 8 ಮಿ.ಮೀ. ವ್ಯತ್ಯಾಸ ಕೇವಲ 0.06 ಮಿ.ಮೀ. ತಲೆಯ ಅಗಲವೂ ಹೆಚ್ಚುಕಡಿಮೆ ಒಂದೇ; ಒಂದರದು 12.7, ಇನ್ನೊಂದರದು 13 ಮಿ.ಮೀ. ಕಣ್ಣಿಗೆ ಎರಡೂ ಒಂದೇ.

ಆದರೆ ಪಿಚ್ ನೋಡಿ. 5/16 ಯು.ಎನ್.ಎಫ್. ಬೋಲ್ಟಿನಲ್ಲಿ ಇಂಚಿಗೆ 24 ಎಳೆಗಳು, ಅಂದರೆ ಪಿಚ್ 1.06 ಮಿ.ಮೀ. ಎಂ-8ರ ಪಿಚ್ 1.25 ಮಿ.ಮೀ. ಪ್ರತಿ ಸುತ್ತಿಗೂ 0.19 ಮಿ.ಮೀ. ತಪ್ಪುತ್ತದೆ. ಮೂರು ಸುತ್ತಿಗೆ ಅರ್ಧ ಪಿಚ್ಚಿನಷ್ಟು ತಪ್ಪಿ, ಬೋಲ್ಟಿನ ಏಣು ನಟ್ಟಿನ ಏಣಿಗೇ ಎದುರಾಗುತ್ತದೆ. ಆಗ ಬೋಲ್ಟು ಬಿಗಿಯಾಗುತ್ತದೆ. ಮೆಕ್ಯಾನಿಕ್ ‘ಟೈಟಾಯಿತು’ ಎಂದುಕೊಳ್ಳುತ್ತಾನೆ. ನಿಜವಾಗಿ ಎಳೆಗಳು ಕೆತ್ತಿಹೋಗಿರುತ್ತವೆಯೇ ಹೊರತು ಎರಡು ಭಾಗಗಳು ಒತ್ತಿ ಹಿಡಿದಿರುವುದಿಲ್ಲ. ಘಟ್ಟದ ಕುಲುಕಾಟಕ್ಕೆ ಅದು ಸಡಿಲಾಗಲು ಹೆಚ್ಚು ದಿನ ಬೇಡ. ಬ್ರೇಕ್ ಅಥವಾ ಸ್ಟಿಯರಿಂಗ್ ಭಾಗದಲ್ಲಿ ಹೀಗಾದರೆ ಪರಿಣಾಮವನ್ನು ನೀವೇ ಊಹಿಸಬಹುದು.

ವಿಟ್‌ವರ್ತ್ ಮತ್ತು ಯು.ಎನ್.ಸಿ.ಗಳ ಮೋಸ ಇನ್ನೂ ಸೂಕ್ಷ್ಮ. 5/16 ಇಂಚಿನಲ್ಲಿ ಎರಡಕ್ಕೂ ಇಂಚಿಗೆ 18 ಎಳೆಗಳೇ. ಒಂದಕ್ಕೊಂದು ಸೇರಿದಂತೆಯೂ ಕಾಣಬಹುದು. ಆದರೆ ಕೋನ ಬೇರೆಯಾದ್ದರಿಂದ ಎಳೆಯ ಇಳಿಜಾರು ಪೂರ್ತಿಯಾಗಿ ತಾಗದೆ ಕಿರಿದಾದ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ. ಅರ್ಧ ಇಂಚಿಗೆ ಬಂದರೆ ಗುರುತಿಸುವುದು ಸುಲಭ: ವಿಟ್‌ವರ್ತ್‌ಗೆ 12 ಎಳೆ, ಯು.ಎನ್.ಸಿ.ಗೆ 13.

ತಲೆಬರಹ ಓದಿ

ಅಳತೆ ಹೊಂದಿದರೆ ಸಾಲದು, ಬಲವೂ ಹೊಂದಬೇಕು. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ, ಮೊದಲ ಅಂಕಿಯನ್ನು 100ರಿಂದ ಗುಣಿಸಿ. ಅದು ತುಂಡಾಗುವ ಒತ್ತಡ, 800 ಮೆಗಾಪ್ಯಾಸ್ಕಲ್. ಅದರ 0.8 ಭಾಗ, ಅಂದರೆ 640 ಮೆಗಾಪ್ಯಾಸ್ಕಲ್‌ಗೆ ಬೋಲ್ಟು ಶಾಶ್ವತವಾಗಿ ಹಿಗ್ಗತೊಡಗುತ್ತದೆ. ಎಂ-8 ಬೋಲ್ಟಿನಲ್ಲಿ ಭಾರ ಹೊರುವ ಅಡ್ಡಕೊಯ್ತದ ವಿಸ್ತೀರ್ಣ 36.6 ಚದರ ಮಿ.ಮೀ. ಗುಣಿಸಿದರೆ 8.8ರ ಬೋಲ್ಟು ಸುಮಾರು 3 ಟನ್ ಎಳೆತಕ್ಕೆ ತುಂಡಾಗುತ್ತದೆ. 4.6 ಎಂದಿರುವ ಸಾಧಾರಣ ಬೋಲ್ಟು ಅದರ ಅರ್ಧಕ್ಕೇ ತುಂಡಾಗುತ್ತದೆ. ಅಮೆರಿಕದ ಬೋಲ್ಟುಗಳಲ್ಲಿ ಅಂಕಿಗಳ ಬದಲು ಗೆರೆಗಳು: ಮೂರು ಗೆರೆ ಇದ್ದರೆ 5ನೆಯ ದರ್ಜೆ, ಆರು ಗೆರೆ ಇದ್ದರೆ 8ನೆಯ ದರ್ಜೆ. ಹಳೆಯ ಬೋಲ್ಟಿನ ಮೇಲೆ ಗೆರೆಯಿಲ್ಲದ ಮಾತ್ರಕ್ಕೆ ಅದು ಸಾಧಾರಣ ಬೋಲ್ಟು ಎಂದು ತೀರ್ಮಾನಿಸಬೇಡಿ. ವಾಹನದ ಕೈಪಿಡಿ ನೋಡಿ.

ಫೋರ್ಡ್ ತಯಾರಿಸಿದ ಯುದ್ಧಕಾಲದ ಜೀಪುಗಳಲ್ಲಿ ಬೋಲ್ಟಿನ ತಲೆಯ ಮೇಲೂ ‘ಎಫ್’ ಅಕ್ಷರ ಇರುತ್ತಿತ್ತು. ಇಂಥ ಬೋಲ್ಟು ಸಿಕ್ಕರೆ ಗುಜರಿಗೆ ಹಾಕಬೇಡಿ. ಜೀಪಿನ ಹುಟ್ಟನ್ನು ಹೇಳುವ ದಾಖಲೆ ಅದು.

ತುಕ್ಕಿಗೆ ಹೆದರಿ ಸ್ಟೈನ್‌ಲೆಸ್ ಬೋಲ್ಟು ಹಾಕುವವರಿದ್ದಾರೆ. ಪೇಟೆಯಲ್ಲಿ ಸಿಗುವ ಎ2-70 ಸ್ಟೈನ್‌ಲೆಸ್ ಬೋಲ್ಟಿನ ಬಲ 700 ಮೆಗಾಪ್ಯಾಸ್ಕಲ್, 8.8ಕ್ಕಿಂತ ಕಡಿಮೆ. ಜೊತೆಗೆ ಮಳೆನೀರಿನಲ್ಲಿ ಅದು ಸುತ್ತಲಿನ ಸಾಧಾರಣ ಉಕ್ಕಿನೊಡನೆ ವಿದ್ಯುತ್ಕೋಶವಾಗಿ ವರ್ತಿಸಿ ಆ ಉಕ್ಕನ್ನೇ ಬೇಗ ಸವೆಸುತ್ತದೆ. ಸತುವಿನ ಲೇಪನ ಮೇಲು. ಆದರೆ ಅತಿ ಬಲದ ಬೋಲ್ಟುಗಳಿಗೆ ಲೇಪನ ಹಾಕಿಸುವಾಗ ಆಮ್ಲದಿಂದ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಲೇಪನದ ನಂತರ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿ ಆ ಹೈಡ್ರೋಜನನ್ನು ಹೊರಹಾಕಬೇಕು.

ಮೂರು ಎಚ್ಚರಿಕೆಗಳು

ಒಂದು, ಸೈನ್ಯದ ವಿಲ್ಲೀಸ್ ಜೀಪಿನ ಎಡಬದಿಯ ಚಕ್ರಗಳ ಸ್ಟಡ್ಡುಗಳದು ಎಡ ಎಳೆ. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ತಿಳಿಯದೆ ಬಲ ಹಾಕಿದರೆ ಸ್ಟಡ್ ಮುರಿಯುತ್ತದೆ.

ಎರಡು, ಯುದ್ಧಕಾಲದ ಜೀಪುಗಳ ‘ಕಾಂಬ್ಯಾಟ್ ರಿಮ್’ ಎರಡು ಹೋಳುಗಳನ್ನು ಬೋಲ್ಟಿನಿಂದ ಸೇರಿಸಿದ್ದು. ಟೈರಿನ ಗಾಳಿಯನ್ನು ಪೂರ್ತಿ ತೆಗೆಯದೆ ಈ ಬೋಲ್ಟುಗಳನ್ನು ಮುಟ್ಟಬಾರದು. ಹೋಳು ಸಿಡಿದರೆ ಪ್ರಾಣಕ್ಕೇ ಅಪಾಯ.

ಮೂರು, ಹಳೆಯ ಸೈನಿಕ ವಾಹನಗಳ ಬೋಲ್ಟಿಗೆ ಕ್ಯಾಡ್ಮಿಯಂ ಲೇಪನವಿರಬಹುದು. ಕಚ್ಚಿಕೊಂಡ ಬೋಲ್ಟನ್ನು ಗ್ಯಾಸಿನ ಉರಿಯಿಂದ ಕಾಯಿಸಿದರೆ ಬರುವ ಹೊಗೆ ವಿಷಕಾರಿ. ತೂರಿಕೊಳ್ಳುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯುವುದು ಲೇಸು.

ನೀವೇ ಅಳೆದು ನೋಡಿ

ಗುಜರಿ ಅಂಗಡಿಯಿಂದ ಹತ್ತು ಹಳೆಯ ಬೋಲ್ಟು ತನ್ನಿ. ವರ್ನಿಯರ್ ಕ್ಯಾಲಿಪರ್ಸ್‌ನಿಂದ ವ್ಯಾಸ ಅಳೆಯಿರಿ. ನಂತರ 10 ಪಿಚ್‌ಗಳ ಒಟ್ಟು ಉದ್ದ ಅಳೆದು 10ರಿಂದ ಭಾಗಿಸಿ. ಉತ್ತರ 1.25, 1.5ರಂತೆ ಸರಳವಾಗಿ ಬಂದರೆ ಬಹುಶಃ ಮೆಟ್ರಿಕ್. ಇಲ್ಲವಾದರೆ 25.4ನ್ನು ಆ ಉತ್ತರದಿಂದ ಭಾಗಿಸಿ. 18, 20, 24ರಂಥ ಪೂರ್ಣಸಂಖ್ಯೆಯ ಹತ್ತಿರ ಬಂದರೆ ಇಂಚಿನ ಎಳೆ. ತಲೆಯ ಗುರುತನ್ನೂ ಪಟ್ಟಿಯಲ್ಲಿ ಬರೆಯಿರಿ. ಸ್ಕ್ರೂ ಗೇಜಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ.

ಜೀಪು ಬಿಚ್ಚುವವರಿಗೂ ಇದೇ ಕ್ರಮ. ಮುರಿದ ಬೋಲ್ಟನ್ನು ಎಸೆಯದೆ, ತೆಗೆದ ಜಾಗದ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ. ಅಂಗಡಿಯಲ್ಲಿ ಹೊಸ ನಟ್ಟನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ ನೋಡಿ. ಬೆರಳಿಗೆ ಸಲೀಸಾಗಿ ಹೋಗದ ನಟ್ಟಿಗೆ ಸ್ಪ್ಯಾನರ್ ಹಾಕಬೇಡಿ.