ಯಾರು ಯಾರನ್ನು ಹೆಸರಿಸಿದರು?

ನೆಂಟಸ್ತನ ಎರಡೂ ಕಡೆಗೆ ಸಮಾನ. ಸಾಲ ಹಾಗಲ್ಲ; ಕೊಟ್ಟವನೊಬ್ಬ, ಪಡೆದವನು ಇನ್ನೊಬ್ಬ. ಮೊದಲನೆಯದನ್ನು ಕಾಗದದ ಮೇಲೆ ತೋರಿಸಲು ಗೆರೆ ಸಾಕು, ಎರಡನೆಯದಕ್ಕೆ ಬಾಣದ ಗುರುತು ಬೇಕು. ಹೀಗೆ ಬಾಣಗಳಿಂದ ಹೆಣೆದ ಸಂಬಂಧಗಳ ಜಾಲವನ್ನು ಓದುವುದು ಈಗ ಒಂದು ಶಾಸ್ತ್ರವೇ ಆಗಿದೆ. ಅದರ ಬೇರುಗಳಲ್ಲೊಂದು ನ್ಯಾಯಾಲಯದ ಅಂಗಳದಲ್ಲಿದೆ.

ವಕೀಲರಿಗೆ ಹಳೆಯ ತೀರ್ಪುಗಳೇ ಆಧಾರ. ಆದರೆ ನಂಬಿದ ತೀರ್ಪನ್ನು ಮುಂದೊಂದು ನ್ಯಾಯಾಲಯ ತಳ್ಳಿಹಾಕಿದ್ದರೆ ವಾದವೇ ಬಿದ್ದುಹೋಗುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ 1873ರಲ್ಲಿ ಇದಕ್ಕೊಂದು ಸೂಚಿ ಆರಂಭಿಸಿದರು. ಪ್ರತಿ ತೀರ್ಪಿನೆದುರು, ಆನಂತರ ಅದನ್ನು ಉಲ್ಲೇಖಿಸಿದ ತೀರ್ಪುಗಳ ಪಟ್ಟಿ ಅದರಲ್ಲಿತ್ತು. ಇದೇ ಮಾದರಿಯನ್ನು ವಿಜ್ಞಾನ ಲೇಖನಗಳಿಗೂ ಅನ್ವಯಿಸಬಹುದೆಂದು ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೂಚಿಸಿದರು. 1964ರಲ್ಲಿ ಅವರ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರಬಂತು.

ಒಂದು ಲೇಖನದತ್ತ ಬಂದ ಬಾಣಗಳನ್ನು ಎಣಿಸುವುದು ಸುಲಭ. ಆದರೆ ಎಲ್ಲರ ಉಲ್ಲೇಖಕ್ಕೂ ಒಂದೇ ತೂಕವೇ? ತೂಕವುಳ್ಳವರು ಹೆಸರಿಸಿದವರಿಗೇ ಹೆಚ್ಚು ತೂಕ ಎಂದರೆ, ಆ ಹೆಸರಿಸಿದವರ ತೂಕ ಎಲ್ಲಿಂದ ಬಂತು? ಈ ಸುತ್ತನ್ನು 1976ರಲ್ಲಿ ಪಿನ್ಸ್ಕಿ ಮತ್ತು ನಾರಿನ್ ವಿಜ್ಞಾನ ಪತ್ರಿಕೆಗಳ ವಿಷಯದಲ್ಲಿ ಬಿಡಿಸಿದರು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಾದ ಸರ್ಗೆ ಬ್ರಿನ್, ಲ್ಯಾರಿ ಪೇಜ್ ಅಂಥದೇ ಉಪಾಯವನ್ನು ಅಂತರ್ಜಾಲಕ್ಕೆ ತಂದರು. ಅದೇ ಗೂಗಲ್‌ಗೆ ಬುನಾದಿಯಾದ 'ಪೇಜ್‌ರ‍್ಯಾಂಕ್'.

ಅದರ ಕ್ರಮ ಸರಳ. ಮೊದಲು ಎಲ್ಲ ಪುಟಗಳಿಗೂ ಸಮನಾದ ತೂಕ. ಪ್ರತಿ ಪುಟವೂ ತನ್ನ ತೂಕವನ್ನು ತಾನು ಬೊಟ್ಟು ಮಾಡಿದ ಪುಟಗಳಿಗೆ ಸಮವಾಗಿ ಹಂಚುತ್ತದೆ. ಹೀಗೆ ಹಂಚುತ್ತ ಹೋದರೆ ಕೊನೆಗೆ ಅಂಕಿಗಳು ಒಂದು ನೆಲೆಗೆ ನಿಲ್ಲುತ್ತವೆ. ಆದರೆ ಪರಸ್ಪರ ಮಾತ್ರ ಹೆಸರಿಸಿಕೊಳ್ಳುವ ಪುಟಗಳ ಗುಂಪಿಗೆ ಸಿಕ್ಕಿದ ತೂಕ ಹೊರಬರುವುದೇ ಇಲ್ಲ. ಅದಕ್ಕಾಗಿ 100ರಲ್ಲಿ 85 ಪಾಲು ಬಾಣಗಳ ದಾರಿಯಲ್ಲಿ ಸಾಗಿ, ಉಳಿದ 15 ಪಾಲು ಎಲ್ಲ ಪುಟಗಳಿಗೂ ಹಂಚಿಹೋಗುವಂತೆ ಲೆಕ್ಕ ಹೂಡಿದರು.

ದಿಕ್ಕು ಎಷ್ಟು ಮುಖ್ಯವೆಂಬುದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಡುಬಂತು. ಸುಮಾರು 20 ಕೋಟಿ ಪುಟಗಳಲ್ಲಿ, ದಿಕ್ಕನ್ನು ಮರೆತರೆ ಶೇಕಡಾ 90ಕ್ಕೂ ಹೆಚ್ಚು ಒಂದೇ ಜಾಲದೊಳಗಿದ್ದವು. ದಿಕ್ಕನ್ನು ಪಾಲಿಸಿದರೆ, ಯಾವುದರಿಂದ ಯಾವುದಕ್ಕೂ ಹೋಗಬಲ್ಲ ಪುಟಗಳು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ.

ಆದರೂ ಬಾಣ ಹೇಳದ ಮಾತೊಂದಿದೆ. ಹೆಸರಿಸಿದ್ದು ಒಪ್ಪಿಕೊಳ್ಳಲೋ, ಖಂಡಿಸಲೋ? ತಪ್ಪೆಂದು ಹಿಂತೆಗೆದುಕೊಂಡ ಲೇಖನಗಳಿಗೂ ಉಲ್ಲೇಖಗಳು ಬರುತ್ತಲೇ ಇರುತ್ತವೆ. ಬರಿಯ ಎಣಿಕೆಯಲ್ಲಿ ಅವೂ ಗೌರವವೇ. ಶೆಪರ್ಡರ ಸೂಚಿಯಾದರೋ, ರದ್ದಾದ ತೀರ್ಪಿಗೆ ಬೇರೆಯೇ ಗುರುತು ಹಾಕುತ್ತಿತ್ತು. ಉಲ್ಲೇಖಗಳ ಸಂಖ್ಯೆ ನೋಡಿ ವಿಜ್ಞಾನಿಗಳ ಯೋಗ್ಯತೆ ಅಳೆಯುವವರು ಆ ಹಳೆಯ ವಕೀಲರ ಎಚ್ಚರವನ್ನು ಮರೆಯುವಂತಿಲ್ಲ.